ಎರೆಮಣ್ಣು, ಕಾಲುವೆ ನೀರು ಮತ್ತು ಕಾಕಾನ ಜೀಪು

ಬರೆಯದೆ ತುಂಬಾ ದಿನಗಳಾದವು. ಸೋಮಾರಿತನ ಅಂದುಕೊಳ್ಳಬೇಡಿ, ನಾಲ್ಕು ತಿಂಗಳಿಂದ ರಜೆ ಸಿಕ್ಕಾಗಲೆಲ್ಲ ಊರಿಗೆ ಹೋಗಿ ಗ್ರೀಸ್ ಮೆತ್ತಿಕೊಂಡು ಕೂತಿದ್ದೆ :) ಕಾಕಾನ ಹಳೆಯ ಮಹೀಂದ್ರ ಜೀಪಿನ ಹಿಂದಿನ ಡಿಫರೆನ್ಶಿಯಲ್ ಬಿಚ್ಚಿ ಮತ್ತೆ ಕೂಡಿಸಿದ ಕಥೆ ಇದು. ಹಾಗೆ ನೋಡಿದರೆ ಜೀಪಿನ ಕಥೆಗಿಂತ ನಮ್ಮ ಕಡೆಯ ಕೆಸರಿನ ಕಥೆ.

ನಮ್ಮೂರು ಸಿಂಧನೂರಿಗೂ ಮಸ್ಕಿಗೂ ನಡುವೆ, ರಸ್ತೆಯಿಂದ ಸ್ವಲ್ಪ ಒಳಗೆ. ಈಗ ಆ ರಸ್ತೆಗೆ ರಾಷ್ಟ್ರೀಯ ಹೆದ್ದಾರಿ 150ಎ ಅಂತ ಹೆಸರು. ಸಿಂಧನೂರು ಬಿಟ್ಟರೆ ಮಸ್ಕಿ, ಮಸ್ಕಿ ಬಿಟ್ಟರೆ ಲಿಂಗಸುಗೂರು. ಮಸ್ಕಿ ಅಂದರೆ ಎಲ್ಲರಿಗೂ ನೆನಪಾಗುವುದು ಅಶೋಕನ ಶಾಸನ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಕಣ್ಣಿಗೆ ಬಿದ್ದ ಆ ಬಂಡೆಯಲ್ಲೇ 'ದೇವಾನಾಂಪ್ರಿಯ' ಅಂದರೆ ಅಶೋಕ ಎಂಬುದಕ್ಕೆ ಸಾಕ್ಷಿ ಸಿಕ್ಕಿದ್ದು. ಲಿಂಗಸುಗೂರು ನಿಜಾಮರ ಕಾಲದಲ್ಲಿ 1905ರವರೆಗೆ ಜಿಲ್ಲಾ ಕೇಂದ್ರವಾಗಿತ್ತು. ಇಷ್ಟು ಇತಿಹಾಸ ಪುಸ್ತಕಗಳಲ್ಲಿ ಸಿಗುತ್ತದೆ. ಕೆಸರಿನ ಇತಿಹಾಸ ಮಾತ್ರ ನಮ್ಮ ನಮ್ಮ ಮನೆಯ ಹಿರಿಯರ ಬಾಯಲ್ಲಷ್ಟೇ.

ಅಜ್ಜ ಹೇಳುತ್ತಿದ್ದರು, ಮೊದಲು ಇಲ್ಲಿ ಕೆಸರು ಅಂದರೆ ಮಳೆಗಾಲದ ನಾಲ್ಕು ದಿನದ ಮಾತು. ಎರೆ ಭೂಮಿ, ಹಿಂಗಾರಿಗೆ ಬಿಳಿಜೋಳ, ಹತ್ತಿ. ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಅಗಲದ ಬಿರುಕು. 1945ರಲ್ಲಿ ಹೈದರಾಬಾದ್ ಮತ್ತು ಮದ್ರಾಸ್ ಸರ್ಕಾರಗಳು ಸೇರಿ ತುಂಗಭದ್ರೆಗೆ ಅಣೆಕಟ್ಟು ಶುರು ಮಾಡಿದವು. 1953ರಲ್ಲಿ ಕಾಲುವೆಗೆ ನೀರು ಬಿಟ್ಟರು. 227 ಕಿಲೋಮೀಟರ್ ಉದ್ದದ ಎಡದಂಡೆ ಕಾಲುವೆ ನಮ್ಮ ಸೀಮೆಯ ಬದುಕನ್ನೇ ಬದಲಿಸಿತು. ಆಂಧ್ರದಿಂದ ರೈತರು ಬಂದು ಕ್ಯಾಂಪ್ ಕಟ್ಟಿದರು, ಭತ್ತ ಬಂತು, ರೈಸ್ ಮಿಲ್ ಬಂತು, ಟ್ರ್ಯಾಕ್ಟರ್ ಬಂತು. ಯೋಜನೆಯ ಕಾಗದದಲ್ಲಿ ಇದ್ದದ್ದು ಹೆಚ್ಚಾಗಿ ಕಡಿಮೆ ನೀರಿನ ಬೆಳೆಗಳು. ಆದರೆ ನೀರು ಕಂಡವರು ಭತ್ತ ಬಿಡುತ್ತಾರೆಯೇ? ಹೊಲದ ಜೊತೆ ಹೊಲಕ್ಕೆ ಹೋಗುವ ದಾರಿಯೂ ಒದ್ದೆಯಾಯಿತು. ಎರೆಮಣ್ಣು ನೀರು ಕುಡಿದರೆ ಸಾಬೂನು, ಚಕ್ರಕ್ಕೆ ಮೆತ್ತಿಕೊಂಡರೆ ಸಿಮೆಂಟು.

ಕಾಕಾ ಜೀಪು ಕೊಂಡದ್ದು 1974ರಲ್ಲಿ, ಸೆಕೆಂಡ್ ಹ್ಯಾಂಡ್. ಎತ್ತರದ ಬಾನೆಟ್ಟಿನ ಸಿಜೆ 3ಬಿ. ವಿಲ್ಲೀಸ್ ಕಂಪನಿಯ ಪರವಾನಗಿಯಲ್ಲಿ ಮಹೀಂದ್ರದವರು ಇಲ್ಲೇ ಮಾಡುತ್ತಿದ್ದ ಗಾಡಿ. ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಗೇರು ಇತ್ತು. ಇದಕ್ಕೆ ಹೋಗಲಾಗದ ಜಾಗವೇ ಇಲ್ಲ ಅಂತ ಕಾಕಾನ ನಂಬಿಕೆ.

1981ರ ಮಳೆಗಾಲದಲ್ಲಿ ಒಂದು ರಾತ್ರಿ ಕಾಕೂಗೆ ಹೆರಿಗೆ ನೋವು ಶುರುವಾಯಿತು. ಸಿಂಧನೂರಿಗೆ ಹೊರಟ ಜೀಪು ಊರ ಹೊರಗಿನ ಗದ್ದೆಯ ಬದುವಿನ ಹತ್ತಿರ ಎಡಕ್ಕೆ ಜಾರಿತು. ಎಡಗಡೆಯ ಎರಡೂ ಚಕ್ರ ಕೆಸರಿನಲ್ಲಿ ಗಿರಗಿರ ತಿರುಗುತ್ತಿದ್ದವು, ಬಲಗಡೆಯವು ಗಟ್ಟಿ ನೆಲದ ಮೇಲಿದ್ದೂ ಅಲುಗಾಡಲಿಲ್ಲ. ಎತ್ತಿನ ಗಾಡಿ ತರಿಸಿ ಮುಖ್ಯ ರಸ್ತೆ ಸೇರುವ ಹೊತ್ತಿಗೆ ಬೆಳಗಾಗಿತ್ತು. ಕಾಕೂ ಉಳಿದರು, ಮಗು ಉಳಿಯಲಿಲ್ಲ. ಈ ವಿಷಯ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ನನಗೆ ಹೇಳಿದ್ದು ಅಮ್ಮ, ಅದೂ ತೀರಾ ಈಚೆಗೆ.

ನಾಲ್ಕು ಚಕ್ರದ ಗಾಡಿ ಹಾಗೇಕೆ ನಿಂತಿತು? ಇಲ್ಲೇ ಡಿಫರೆನ್ಶಿಯಲ್ಲಿನ ಇತಿಹಾಸ ಬರುವುದು. ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಹೆಚ್ಚು ದೂರ ಓಡಬೇಕು. ಒಂದೇ ಅಚ್ಚಿಗೆ ಬಿಗಿದರೆ ಒಂದು ಚಕ್ರ ನೆಲಕ್ಕೆ ಉಜ್ಜುತ್ತದೆ. ಇದಕ್ಕೆ ಹಲ್ಲಿನ ಚಕ್ರಗಳ ಉಪಾಯವನ್ನು ಫ್ರಾನ್ಸಿನ ಪೆಕ್ಕರ್ ಎಂಬಾತ 1827ರ ಹೊತ್ತಿಗೇ ತನ್ನ ಉಗಿ ಗಾಡಿಗೆ ಮಾಡಿದ್ದ. ಅದು ಎರಡೂ ಚಕ್ರಕ್ಕೆ ಬೇರೆ ಬೇರೆ ವೇಗ ಬಿಟ್ಟುಕೊಡುತ್ತದೆ, ಆದರೆ ಬಲವನ್ನು ಮಾತ್ರ ಸಮನಾಗಿ ಹಂಚುತ್ತದೆ. ಒಳ್ಳೆಯದೇ ಅಲ್ಲವೇ? ಅಲ್ಲ! ಕೆಸರಲ್ಲಿರುವ ಚಕ್ರವನ್ನು ತಿರುಗಿಸಲು ಚೂರು ಬಲ ಸಾಕು, ಹಾಗಾಗಿ ಗಟ್ಟಿ ನೆಲದ ಚಕ್ರಕ್ಕೂ ಅಷ್ಟೇ ಚೂರು ಸಿಗುತ್ತದೆ. ಜೀಪಿನಲ್ಲಿ ಮುಂದೊಂದು ಹಿಂದೊಂದು ಇಂಥ ಡಿಫರೆನ್ಶಿಯಲ್. ಒಂದೇ ಮಗ್ಗುಲಿನ ಎರಡೂ ಚಕ್ರ ಜಾರಿದರೆ ಫೋರ್ ವೀಲ್ ಹಾಕಿಯೂ ಪ್ರಯೋಜನವಿಲ್ಲ.

ಟ್ರ್ಯಾಕ್ಟರಿನವರಿಗೆ ಇದಕ್ಕೆ ಪರಿಹಾರ ಗೊತ್ತು. ಕಾಲ ಬಳಿ ಒಂದು ಪೆಡಲ್, ಒತ್ತಿದರೆ ಎರಡೂ ಚಕ್ರ ಒಂದಾಗಿ ತಿರುಗುತ್ತವೆ. ರಸ್ತೆಯಲ್ಲಿ ಹಾಗೆ ಓಡಿಸಲಾಗದು. ರಸ್ತೆಗೂ ಕೆಸರಿಗೂ ಆಗುವ ನಡುದಾರಿ ಹುಟ್ಟಿದ್ದು ರೇಸಿನಲ್ಲಿ. 1930ರ ದಶಕದಲ್ಲಿ ಫರ್ಡಿನಾಂಡ್ ಪೋರ್ಶೆ ಆಟೋ ಯೂನಿಯನ್ ಕಂಪನಿಗೆ ಮಾಡಿದ ರೇಸ್ ಕಾರುಗಳ ಶಕ್ತಿ ಎಷ್ಟಿತ್ತೆಂದರೆ ತಿರುವಿನಲ್ಲಿ ಒಳಚಕ್ರ ಸುಮ್ಮನೆ ಗಿರಕಿ ಹೊಡೆಯುತ್ತಿತ್ತು. ಜರ್ಮನಿಯ ಜೆಡ್‌ಎಫ್ ಕಂಪನಿ 1935ರ ಹೊತ್ತಿಗೆ ಅದಕ್ಕೆ 'ಲಿಮಿಟೆಡ್ ಸ್ಲಿಪ್' ಮಾಡಿಕೊಟ್ಟಿತು. 1950ರ ದಶಕದಲ್ಲಿ ಅಮೆರಿಕದ ಡಾನಾ ಕಂಪನಿ 'ಪವರ್-ಲಾಕ್' ಎಂಬ ಹೆಸರಿನಲ್ಲಿ ಮಾಡಿದ್ದು ಜೀಪುಗಳಿಗೂ ಬಂತು.

1983ರಲ್ಲಿ ಕಾಕಾ ಮುಂಬೈಗೆ ಹೋಗಿ, ಕುರ್ಲಾದ ಗುಜರಿ ಸಾಲುಗಳಲ್ಲಿ ನಾಲ್ಕು ದಿನ ಅಲೆದು, ಗೋಣಿಚೀಲದಲ್ಲಿ ಸುತ್ತಿಕೊಂಡು ಬಂದದ್ದು ಇದನ್ನೇ. ಎಲ್ಲರೂ ನಕ್ಕರಂತೆ. ಕಾಕಾ ಯಾರಿಗೂ ಯಾಕೆಂದು ಹೇಳಲಿಲ್ಲ. ಆಮೇಲಿನ ವರ್ಷಗಳಲ್ಲಿ ಸುತ್ತಲಿನ ಕ್ಯಾಂಪುಗಳಿಂದ ರಾತ್ರಿ ಯಾರು ಕರೆದರೂ ಜೀಪು ಹೊರಡುತ್ತಿತ್ತು. ಡೀಸೆಲ್ಲಿನ ದುಡ್ಡನ್ನೂ ಕೇಳುತ್ತಿರಲಿಲ್ಲ.

ಕಾಕಾ ಹೋದ ಮೇಲೆ ಜೀಪು ಬೇವಿನ ಮರದ ಕೆಳಗೆ ನಿಂತಿತ್ತು. ನಾನು ಒಂದು ಹಿಂದಿನ ಚಕ್ರ ಮೇಲೆತ್ತಿ, ಇನ್ನೊಂದನ್ನು ನೆಲದ ಮೇಲೆ ಬಿಟ್ಟು, ಗೇರು ನ್ಯೂಟ್ರಲ್ಲಿನಲ್ಲಿಟ್ಟು ಕೈಯಲ್ಲಿ ತಿರುಗಿಸಿದೆ. ಲಿಮಿಟೆಡ್ ಸ್ಲಿಪ್ ಚೆನ್ನಾಗಿದ್ದರೆ ಮೊಂಡು ಹಿಡಿಯಬೇಕು. ಇದು ಸೈಕಲ್ ಚಕ್ರದಂತೆ ತಿರುಗಿತು. ಒಳಗಿನ ಪ್ಲೇಟುಗಳು ಸವೆದಿದ್ದವು.

ಸಿಂಧನೂರಿನ ಮೆಕ್ಯಾನಿಕ್ ಒಬ್ಬರು ನೋಡಿ, "ಇದನ್ನ ತೆಗದು ಸಾದಾದು ಹಾಕ್ಸಿ ಬಿಡ್ರಿ, ಇಲ್ಲಾಂದ್ರ ಒಳಗಿನ ಗೇರ್ ವೆಲ್ಡ್ ಮಾಡಿಬಿಡೋಣು" ಅಂದರು. ಬೇಡ ಅಂದೆ. ವೆಲ್ಡ್ ಮಾಡಿದರೆ ತಿರುವಿನಲ್ಲಿ ಟೈರು ಸವೆದು ಆಕ್ಸಲ್ ಮುರಿಯುತ್ತದೆ. ಸಾದಾ ಹಾಕಿದರೆ 1981ರ ಜೀಪು.

ಈ ಆಕ್ಸಲ್ಲಿನ ತುದಿ ಮೊನಚು, ಹಬ್ ಅದಕ್ಕೆ ಕಚ್ಚಿ ಕೂತಿರುತ್ತದೆ. ಸುತ್ತಿಗೆಯಲ್ಲಿ ಬಡಿದರೆ ಬೇರಿಂಗ್ ಹಾಳು. ಲಿಂಗಸುಗೂರು ತಾಲೂಕಿನ ಹಟ್ಟಿ ಗೊತ್ತಲ್ಲ, 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಅಂತ ಶುರುವಾದ ಚಿನ್ನದ ಗಣಿ. ಅಲ್ಲಿ ದುಡಿದು ನಿವೃತ್ತರಾದ ಟರ್ನರ್ ಒಬ್ಬರು ಲಿಂಗಸುಗೂರಿನಲ್ಲಿ ದಪ್ಪ ಉಕ್ಕಿನ ಪುಲ್ಲರ್ ಮಾಡಿಕೊಟ್ಟರು. ದುಡ್ಡು ಕೇಳಿದ್ದಕ್ಕೆ "ಗಾಡಿ ಯಾರದಂದ್ರಿ?" ಅಂದರು. ಕಾಕಾನ ಹೆಸರು ಹೇಳಿದೆ. ಅರ್ಧ ದುಡ್ಡು ವಾಪಸ್ಸು ಕೊಟ್ಟರು.

ಬಿಚ್ಚುವ ಮೊದಲೇ ಬೇರಿಂಗ್ ಕ್ಯಾಪುಗಳಿಗೆ, ಎರಡು ಹೋಳಿನ ಕೇಸಿಗೆ ಪಂಚಿನಿಂದ ಗುರುತು ಹಾಕಿದೆ, ಅದಲು ಬದಲಾದರೆ ಕಥೆ ಮುಗಿಯಿತು. ಎಡಬಲದ ಶಿಮ್ಮುಗಳನ್ನು ಬೇರೆ ಬೇರೆ ಡಬ್ಬಿಗೆ ಹಾಕಿಟ್ಟೆ. 43 ಹಲ್ಲಿನ ಕ್ರೌನು, 8 ಹಲ್ಲಿನ ಪಿನಿಯನ್ ಗಟ್ಟಿಯಾಗಿದ್ದವು. ಪವರ್-ಲಾಕಿನ ಜಾಣ್ಮೆ ಕಂಡದ್ದು ಕೇಸು ತೆರೆದಾಗ. ನಾಲ್ಕು ಪಿನಿಯನ್ ಹೊತ್ತ ಎರಡು ಅಡ್ಡ ಸರಳುಗಳ ತುದಿಗಳು ಕೇಸಿನ ವಿ ಆಕಾರದ ಇಳಿಜಾರಿನಲ್ಲಿ ಕೂತಿವೆ. ಎಂಜಿನ್ ಎಳೆದಷ್ಟೂ ಸರಳುಗಳು ಇಳಿಜಾರು ಹತ್ತಿ, ಎರಡೂ ಪಕ್ಕದ ಪ್ಲೇಟುಗಳನ್ನು ಒತ್ತುತ್ತವೆ. ಒಂದು ಪ್ಲೇಟು ಗೇರಿಗೆ, ಇನ್ನೊಂದು ತನ್ನ ಕಿವಿಗಳಿಂದ ಕೇಸಿಗೆ ಸಿಕ್ಕಿಕೊಂಡಿರುವುದರಿಂದ ಆ ಒತ್ತಡಕ್ಕೆ ಎರಡೂ ಚಕ್ರ ಜೊತೆಗೂಡುತ್ತವೆ. ತಿರುವಿನಲ್ಲಿ ಬೇಕಾದಷ್ಟು ಜಾರುತ್ತವೆ ಕೂಡ.

ಹೊಸ ಪ್ಲೇಟುಗಳು ಅಮೆರಿಕದಿಂದ ಬಂದ ಗೆಳೆಯನ ಸೂಟ್‌ಕೇಸಿನಲ್ಲಿ ಬಂದವು. ಎಣ್ಣೆಯಲ್ಲಿ ನೆನೆಸಿ, ಹಳೆಯವು ಇದ್ದ ಕ್ರಮದಲ್ಲೇ ಜೋಡಿಸಿ, ಹಲ್ಲಿಗೆ ಬಣ್ಣ ಹಚ್ಚಿ ಹೊಂದಿಕೆ ನೋಡಿದೆ. ಗೇರ್ ಎಣ್ಣೆಗೆ ಲಿಮಿಟೆಡ್ ಸ್ಲಿಪ್ಪಿನದೇ ಬೆರಕೆ ಹಾಕಲೇಬೇಕು, ಇಲ್ಲದಿದ್ದರೆ ತಿರುವಿನಲ್ಲಿ ಕಟಕಟ ಸದ್ದು. ಇಂಥ ಗಾಡಿ ಇರುವವರಿಗೆ ಒಂದು ಎಚ್ಚರಿಕೆ: ಒಂದೇ ಚಕ್ರ ಜಾಕಿನಲ್ಲಿ ಎತ್ತಿ ಎಂಜಿನ್ ಗೇರಿಗೆ ಹಾಕಬೇಡಿ. ನೆಲದ ಮೇಲಿನ ಚಕ್ರವೂ ತಿರುಗಿ ಗಾಡಿ ಜಾಕಿನಿಂದ ಹಾರುತ್ತದೆ.

ಎಡದಂಡೆ ಕಾಲುವೆಯದೂ ಇದೇ ಕಥೆ ಅನಿಸುತ್ತದೆ. ಮೇಲ್ಭಾಗದಲ್ಲಿ ಸಲೀಸಾಗಿ ಸಿಕ್ಕ ಕಡೆ ನೀರು ಹರಿದುಹೋಗಿ, ಕೊನೆಯ ಭಾಗದ ರೈತ ಗಟ್ಟಿ ನೆಲದ ಚಕ್ರದ ಹಾಗೆ ಕಾಯುತ್ತಾ ನಿಂತಿರುತ್ತಾನೆ. ಅದಕ್ಕೆ ಪ್ಲೇಟು ಜೋಡಿಸುವವರು ಇನ್ನೂ ಬಂದಿಲ್ಲ.

ಹೋದ ವಾರ ಗದ್ದೆಗೆ ನೀರು ಬಿಟ್ಟಿದ್ದರು. ಅದೇ ಬದುವಿನ ಹತ್ತಿರ ಬೇಕೆಂದೇ ಎಡಗಡೆ ಕೆಸರಿಗಿಳಿಸಿದೆ. ಎಡಚಕ್ರ ಒಂದು ಸುತ್ತು ಜಾರಿತು, ಅಷ್ಟರಲ್ಲಿ ಬಲಗಡೆಯದು ಕಚ್ಚಿಕೊಂಡು ಜೀಪು ಮೇಲೆ ಬಂತು. ಪಕ್ಕದಲ್ಲಿ ಕಾಕೂ ಕೂತಿದ್ದರು. ಏನೂ ಅನ್ನಲಿಲ್ಲ. ಮನೆ ಹತ್ತಿರ ಬಂದಾಗ, "ಕೀಲಿ ಕೈ ಮೊಳಿಗೇ ಹಾಕಪ್ಪ, ರಾತ್ರಿ ಯಾರರ ಬಂದ್ರ ಹುಡುಕಬಾರದು" ಅಂದರು.

ಹಾಕಿದ್ದೇನೆ.