ಕನ್ನಡ ಕೀಬೋರ್ಡ್ ಮೆಸೇಜಿನೊಳಗೆ ‘ಕಾಣದ ಕೋಡ್’ ಸೇರಿಸುತ್ತದೆಯೇ?

‘ಕನ್ನಡ ಕೀಬೋರ್ಡ್ ನಿಮ್ಮ ಮೆಸೇಜಿನೊಳಗೆ ಕಾಣದ ಕೋಡ್ ತುಂಬುತ್ತಿದೆ, ಇವತ್ತೇ ಡಿಲೀಟ್ ಮಾಡಿ!’ ಮೈಸೂರಿನ ನಮ್ಮ ಬಡಾವಣೆಯ ವಾಟ್ಸ್‌ಆ್ಯಪ್ ಗ್ರೂಪಿಗೆ ಬಂದ ಫಾರ್ವರ್ಡ್ ಇದು. ಜೊತೆಗೊಂದು ಸ್ಕ್ರೀನ್‌ಶಾಟ್. ಅದರಲ್ಲಿ ‘ರ‍್ಯಾಂಕ್’ ಎಂಬ ಪದಕ್ಕೆ ಚೌಕ ಹಾಕಿ, ‘ಯು+200ಡಿ ಅಕ್ಷರ ಕಣ್ಣಿಗೆ ಕಾಣುವುದಿಲ್ಲ’ ಎಂದು ಇಂಗ್ಲಿಷಿನಲ್ಲಿ ಎಚ್ಚರಿಸಲಾಗಿತ್ತು.

ಸ್ಕ್ರೀನ್‌ಶಾಟ್ ನಕಲಿಯಲ್ಲ, ಎಚ್ಚರಿಕೆಯೂ ಸುಳ್ಳಲ್ಲ. ಅದಕ್ಕೆ ಕೊಟ್ಟ ಅರ್ಥ ಮಾತ್ರ ತಪ್ಪು.

ಸಾಫ್ಟ್‌ವೇರ್ ಬರೆಯುವವರ ಬಳಿ ಕೋಡ್ ಪರೀಕ್ಷಿಸುವ ಸಾಧನಗಳಿರುತ್ತವೆ. ಪ್ರೋಗ್ರಾಮನ್ನು ಓಡಿಸದೆ, ಬರೆದದ್ದನ್ನು ಓದಿಯೇ ಅನುಮಾನ ಬಂದ ಕಡೆ ಗುರುತು ಹಾಕುವುದು ಅವುಗಳ ಕೆಲಸ. ಅನುಮಾನ ಎಂದರೆ ತಪ್ಪು ಸಾಬೀತಾದಂತಲ್ಲ. ಆದರೆ ಎಚ್ಚರಿಕೆಯ ಒಕ್ಕಣೆಯಲ್ಲಿ ಆ ವ್ಯತ್ಯಾಸ ಕಾಣುವುದಿಲ್ಲ, ನೋಡಿದವರು ಗಾಬರಿಯಾಗುವುದು ಸಹಜ.

ಹಾಗಾದರೆ ಆ ಕಾಣದ ಅಕ್ಷರ ಯಾವುದು? ಕನ್ನಡದ ಕಾಗುಣಿತಕ್ಕೇ ಬೇಕಾದದ್ದು. ‘ರ’ಕ್ಕೆ ಯ ಒತ್ತು ಕೊಟ್ಟರೆ ಕಂಪ್ಯೂಟರ್ ಅದನ್ನು ‘ಸೂರ್ಯ’ದಲ್ಲಿರುವಂತೆ ಅರ್ಕಾವೊತ್ತು ಮಾಡಿಬಿಡುತ್ತದೆ. ‘ರ‍್ಯಾಂಕ್’ ಎಂದು ಮೂಡಬೇಕಾದರೆ ನಡುವೆ 200ಡಿ ಇರಬೇಕು. ತೆಗೆದರೆ ‘ರ್ಯಾಂಕ್’ ಆಗುತ್ತದೆ. ಇದರ ಜೋಡಿ 200ಸಿ. ಅದು ಒತ್ತಕ್ಷರ ಆಗದಂತೆ ತಡೆಯುತ್ತದೆ. ಅದಿಲ್ಲದಿದ್ದರೆ ‘ರಾಜ್‌ಕುಮಾರ್’ ಹೋಗಿ ‘ರಾಜ್ಕುಮಾರ್’ ಆಗುತ್ತಾರೆ! ಎಚ್ಚರಿಕೆ ಬಂತೆಂದು ಯಾರೋ ಇವನ್ನೆಲ್ಲ ಅಳಿಸಿದರೆ ಆ್ಯಪ್‌ನಲ್ಲಿರುವ ಹೆಸರುಗಳೇ ಕೆಡುತ್ತವೆ.

ಸಾಧನಗಳು ಹೆದರುವುದಕ್ಕೂ ಕಾರಣವಿದೆ. ಅರಬ್ಬಿ, ಹೀಬ್ರೂ ಭಾಷೆಗಳಲ್ಲಿ ಬರಹದ ದಿಕ್ಕು ಸರಿಪಡಿಸಲು ಬೇರೆ ಕೆಲವು ಕಾಣದ ಚಿಹ್ನೆಗಳಿವೆ. ಅವನ್ನು ಬಳಸಿ, ಓದುವವರಿಗೆ ಒಂದು ಥರ, ಕಂಪ್ಯೂಟರಿಗೆ ಇನ್ನೊಂದು ಥರ ಕಾಣುವ ಕೋಡ್ ಬರೆಯಬಹುದು ಎಂದು 2021ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ನಿಕೋಲಸ್ ಬೌಚರ್ ಮತ್ತು ರಾಸ್ ಆಂಡರ್ಸನ್ ತೋರಿಸಿಕೊಟ್ಟರು. ಅದಾದ ಮೇಲೆ ಹಲವು ಸಾಧನಗಳು ಇಂಥ ಅಕ್ಷರಗಳ ಮೇಲೆ ಕಣ್ಣಿಟ್ಟವು. ಕೆಲವಕ್ಕೆ ಕನ್ನಡದ ಪಾಪದ 200ಡಿಯೂ ಅದೇ ಸಾಲಿನಲ್ಲಿ ಕಂಡಿತು.

2018ರ ಫೆಬ್ರುವರಿಯಲ್ಲಿ 200ಸಿ ಇದ್ದ ತೆಲುಗಿನ ಒಂದೇ ಒಂದು ಅಕ್ಷರ ಬಂದರೆ ಐಫೋನಿನ ಮೆಸೇಜ್ ಆ್ಯಪ್‌ಗಳು ಕ್ರ್ಯಾಶ್ ಆಗುತ್ತಿದ್ದವು. ಆಗಲೂ ಅದು ವೈರಸ್ ಆಗಿರಲಿಲ್ಲ. ದೋಷ ಇದ್ದದ್ದು ಆ್ಯಪಲ್‌ನ ಸಾಫ್ಟ್‌ವೇರಿನಲ್ಲಿ, ಅದೇ ತಿಂಗಳು ಅಪ್‌ಡೇಟ್ ಬಂತು.

ಎಚ್ಚರಿಕೆ ನಿಜಕ್ಕೂ ಉಪಯೋಗಕ್ಕೆ ಬರುವ ಜಾಗಗಳಿವೆ. ‘ಬಸ್’ ಎಂಬ ಪದದ ಕೊನೆಗೆ ಸುಮ್ಮನೆ ಒಂದು 200ಸಿ ಉಳಿದಿದ್ದರೆ ನೋಡಲು ವ್ಯತ್ಯಾಸ ತಿಳಿಯದು, ಆದರೆ ಹುಡುಕಿದರೆ ಸಿಗದೇ ಹೋಗಬಹುದು. ಹೆಸರುಗಳ ಪಟ್ಟಿಯಲ್ಲಾದರೆ ಇದು ಸಣ್ಣ ತೊಂದರೆಯಲ್ಲ. ಇಂಗ್ಲಿಷ್ ಅಕ್ಷರಗಳ ನಡುವೆ, ಲಿಂಕಿನಲ್ಲಿ, ಪಾಸ್‌ವರ್ಡಿನಲ್ಲಿ ಕಾಣದ ಅಕ್ಷರ ಇದ್ದರೂ ಅನುಮಾನಿಸಬೇಕು. ಸಂಖ್ಯೆ 202ಎಯಿಂದ 202ಇ ಅಥವಾ 2066ರಿಂದ 2069ರ ಒಳಗಿದ್ದರೆ ಅದು ದಿಕ್ಕು ಬದಲಿಸುವ ಚಿಹ್ನೆ, ಕನ್ನಡದ ಪದಕ್ಕೆ ಅದರ ಅಗತ್ಯವೇ ಇಲ್ಲ.

ಫಾರ್ವರ್ಡ್‌ನಲ್ಲಿದ್ದದ್ದು 200ಡಿ, ಅದೂ ‘ರ‍್ಯಾಂಕ್’ ಪದದೊಳಗೆ. ಕೀಬೋರ್ಡ್ ಡಿಲೀಟ್ ಮಾಡಬೇಕಿಲ್ಲ.