ಕಿಕ್ ಹೊಡೆದರೂ ಏಳದ ಗಾಡಿ: ಜಾವಾ–ಯೆಜ್ಡಿ ಕಾಲದ ಕಥೆ

ಸಂಘದ ಬೆಳ್ಳಿಹಬ್ಬದ ಈ ಸಂದರ್ಭದಲ್ಲಿ ಊರಿನ ಹಳೆಯ ಸಂಗತಿಗಳನ್ನು ನೆನೆಯುವಾಗ ಜಾವಾ, ಯೆಜ್ಡಿ ಗಾಡಿಗಳನ್ನು ಬಿಡುವ ಹಾಗಿಲ್ಲ. ಇಂದಿಗೂ ನಮ್ಮ ಕೆಲವು ಸದಸ್ಯ ಬಾಂಧವರ ಕೊಟ್ಟಿಗೆ ಮೂಲೆಯಲ್ಲಿ ಅವು ಗೋಣಿತಾಟು ಹೊದ್ದು ನಿಂತಿವೆ. "ಸ್ಟಾರ್ಟ್ ಆಗಲ್ಲ, ಗುಜರಿಗೆ ಹಾಕಿಬಿಡೋಣ" ಅನ್ನುವ ಮಾತೂ ಕೇಳಿಬರುತ್ತಿದೆ. ಹಾಕುವ ಮೊದಲು ಅರ್ಧ ಗಂಟೆ ನೋಡಿರಿ ಎಂಬುದು ನಮ್ಮ ಬಿನ್ನಹ.

ಜಾವಾ ಹುಟ್ಟಿದ್ದು 1929ರಲ್ಲಿ, ಅಂದಿನ ಝೆಕೊಸ್ಲೊವಾಕಿಯಾದಲ್ಲಿ. ಸ್ಥಾಪಕ ಯಾನೆಚೆಕ್ ಅವರ ಹೆಸರಿನ ಮೊದಲ ತುಂಡಿಗೆ ಜರ್ಮನಿಯ ವಾಂಡರರ್ ಕಂಪನಿಯ ಮೊದಲ ತುಂಡು ಜೋಡಿಸಿದ ಹೆಸರು ಅದು. ಅವರ ಬಾಯಲ್ಲಿ 'ಯಾವಾ', ನಮ್ಮ ಬಾಯಲ್ಲಿ ಜಾವಾ. 1961ರಲ್ಲಿ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ ಗಾಡಿಗಳು ಹೊರಬರತೊಡಗಿದವು. 1973ರಿಂದ ಹೆಸರು ಯೆಜ್ಡಿ ಆಯಿತು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು.

ಹಳ್ಳಿಗೆ ಈ ಗಾಡಿ ಒಗ್ಗಿದ್ದು ಸುಮ್ಮನೆ ಅಲ್ಲ. 250 ಸಿಸಿಯ ಟೂ-ಸ್ಟ್ರೋಕ್ ಎಂಜಿನ್ನು, ವಾಲ್ವಿನ ತಂಟೆಯಿಲ್ಲ. ಕಿಕ್ಕರನ್ನೇ ಮುಂದಕ್ಕೆ ತಿರುಗಿಸಿದರೆ ಗೇರ್ ಲಿವರ್. ಬಸ್ಸಿಲ್ಲದ ರಾತ್ರಿ ಆಸ್ಪತ್ರೆಗೆ ಹೋಗಬೇಕಾದವರಿಗೆ ಗಾಡಿ ಏಳುವುದು, ಏಳದಿರುವುದು ತಮಾಷೆಯ ವಿಷಯವಾಗಿರಲಿಲ್ಲ. ಹೀಗಾಗಿ ಓಡಿಸುವವರೆಲ್ಲ ಅರೆ ಮಿಸ್ತ್ರಿಗಳಾದರು.

ಅಂದಿನವರು ಹಿಡಿಯುತ್ತಿದ್ದ ದಾರಿ ಇದು. ಮೊದಲು ಪೆಟ್ರೋಲ್ ಕಾಕ್ ತೆರೆದಿದೆಯೇ, ರಿಸರ್ವಿಗೆ ಬಂದಿದೆಯೇ ನೋಡುವುದು. ಟ್ಯಾಂಕಿನ ಮುಚ್ಚಳದ ಸಣ್ಣ ತೂತಿಗೆ ಧೂಳು ಕಟ್ಟಿದರೂ ಪೆಟ್ರೋಲ್ ಇಳಿಯದು. ಮುಚ್ಚಳ ಸಡಿಲಿಸಿದರೆ ಗೊತ್ತಾಗುತ್ತದೆ. ಆಮೇಲೆ ಹತ್ತಿಪ್ಪತ್ತು ಕಿಕ್ ಹೊಡೆದು ಪ್ಲಗ್ ಬಿಚ್ಚುವುದು. ಅರ್ಧ ರೋಗ ಇಲ್ಲೇ ತಿಳಿಯುತ್ತದೆ. ಪ್ಲಗ್ ಒಣಗಿದ್ದರೆ ಪೆಟ್ರೋಲ್ ಎಂಜಿನ್ನಿಗೆ ಮುಟ್ಟಿಲ್ಲ. ಒದ್ದೆಯಿದ್ದರೆ ಪೆಟ್ರೋಲ್ ಬಂದಿದೆ, ಕಿಡಿ ಬಂದಿಲ್ಲ. ಇಲ್ಲವೇ ಪೆಟ್ರೋಲೇ ಅತಿಯಾಗಿದೆ. ಅತಿಯಾಗಿದ್ದರೆ ಕಾಕ್ ಮುಚ್ಚಿ, ಪ್ಲಗ್ ಬಿಚ್ಚಿದ ಹಾಗೇ ಪೂರ್ತಿ ಎಕ್ಸಿಲರೇಟರ್ ತಿರುಗಿಸಿ ನಾಲ್ಕು ಕಿಕ್ ಹೊಡೆದರೆ ಒಣಗುತ್ತದೆ.

ಒಣ ಪ್ಲಗ್ಗಿಗೆ ಕಾರಣ ಬಹುಮಟ್ಟಿಗೆ ಕಾರ್ಬ್ಯುರೇಟರಿನ ಜೆಟ್. ಈ ಗಾಡಿಗೆ ಪೆಟ್ರೋಲಿನಲ್ಲೇ ಟೂ-ಟಿ ಆಯಿಲ್ ಬೆರೆಸಬೇಕಷ್ಟೆ. ತಿಂಗಳುಗಟ್ಟಲೆ ನಿಂತಾಗ ಪೆಟ್ರೋಲ್ ಆರಿಹೋಗಿ ಆಯಿಲಿನ ಅಂಟು ಉಳಿದು ಜೆಟ್ಟಿನ ತೂತು ಮುಚ್ಚುತ್ತದೆ. ಪೆಟ್ರೋಲಿನಲ್ಲಿ ತೊಳೆದು ಗಾಳಿ ಹೊಡೆದರೆ ಸಾಕು. ತಂತಿ ತುರುಕಬಾರದು, ತೂತು ದೊಡ್ಡದಾದರೆ ಗಾಡಿ ಪೆಟ್ರೋಲ್ ಕುಡಿಯುತ್ತದೆ. ಜಾಣರು ಗಾಡಿ ನಿಲ್ಲಿಸುವ ಮೊದಲೇ ಕಾಕ್ ಮುಚ್ಚಿ ಕಾರ್ಬ್ಯುರೇಟರ್ ಖಾಲಿ ಮಾಡುತ್ತಿದ್ದರು.

ಇನ್ನು ಕಿಡಿ. ಚೆಲ್ಲಿದ ಪೆಟ್ರೋಲ್ ಒರೆಸಿ, ಪ್ಲಗ್ಗನ್ನು ಅದರ ತೂತಿನಿಂದ ದೂರ ಎಂಜಿನ್ನಿನ ಲೋಹಕ್ಕೆ ತಾಗಿಸಿಟ್ಟು ಕಿಕ್ ಹೊಡೆದರೆ ನೀಲಿ ಕಿಡಿ ಚಟ್ ಎನ್ನಬೇಕು. ಕೆಂಪಗೆ ಮಂಕಾಗಿದ್ದರೆ ಪಾಯಿಂಟ್ ಕಪ್ಪಾಗಿದೆಯೇ ನೋಡಿ ಎಮರಿಯಲ್ಲಿ ಹಗುರಾಗಿ ಉಜ್ಜಿ, 0.4 ಮಿಲಿಮೀಟರ್ ಸಂದು ಬಿಡಬೇಕು. ತಣ್ಣಗಿದ್ದಾಗ ಎದ್ದು, ಕಾದ ಮೇಲೆ ಕೈಕೊಟ್ಟರೆ ಗುಮಾನಿ ಕಾಯಿಲ್ ಅಥವಾ ಕಂಡೆನ್ಸರ್ ಮೇಲೆ. ಬ್ಯಾಟರಿ ಸತ್ತಿದ್ದರೂ ಕಿಡಿ ಇಲ್ಲ, ಏಕೆಂದರೆ ಹಳೆಯ ಜಾವಾದ ಕಿಡಿ 6 ವೋಲ್ಟ್ ಬ್ಯಾಟರಿಯದೇ. ಅದಕ್ಕೇ ಕೀಲಿಯಲ್ಲಿ ತಳ್ಳಿ ಸ್ಟಾರ್ಟ್ ಮಾಡಲು ಬೇರೆ ಜಾಗವೇ ಇತ್ತು.

ಕಿಡಿಯೂ ಇದೆ, ಪೆಟ್ರೋಲೂ ಇದೆ, ಆದರೂ ಏಳದು ಎಂದರೆ ಕ್ರ್ಯಾಂಕಿನ ಆಯಿಲ್ ಸೀಲ್ ಹೋಗಿರಬಹುದು. ಅದಕ್ಕೆ ಎಂಜಿನ್ ಬಿಚ್ಚಬೇಕು, ಬಲ್ಲ ಮಿಸ್ತ್ರಿಗೇ ಬಿಡುವುದು ಮೇಲು.

2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಮರಳಿ ಬಂದವು. ಆದರೆ ಕಾರ್ಬ್ಯುರೇಟರ್ ಬದಲು ಫ್ಯುಯೆಲ್ ಇಂಜೆಕ್ಷನ್ನು. ಅದಕ್ಕೆ ಬಾಯಲ್ಲಿ ಗಾಳಿ ಊದಿದರೆ ಆಗದು. ಈಗಿನ ಎಥನಾಲ್ ಬೆರೆತ ಪೆಟ್ರೋಲ್ ನೀರು ಹೀರುವುದರಿಂದ, ನಿಂತ ಗಾಡಿಯ ಟ್ಯಾಂಕಿನ ಹಳೆಯದನ್ನೆಲ್ಲ ಚೆಲ್ಲಿ ಹೊಸದು ಹಾಕಿಯೇ ಮೊದಲ ಕಿಕ್ ಹೊಡೆಯಿರಿ. ಎದ್ದ ಮೇಲೆ ರಸ್ತೆಗಿಳಿಸುವ ಮೊದಲು ಆರ್.ಸಿ. ನೋಡಿಕೊಳ್ಳಿ: 15 ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೊಮ್ಮೆ ನವೀಕರಣ ಆಗಬೇಕು.