ಚಳಿಗೆ ಎಂಜಿನ್ ಒಡೆಯುತ್ತದೆಯೇ? ರಾತ್ರಿ ನೀರು ಖಾಲಿ ಮಾಡುವ ಮುನ್ನ ಇದನ್ನು ಓದಿ

ಧನುರ್ಮಾಸದ ಚಳಿಯಲ್ಲಿ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಮನೆಗಳಲ್ಲಿ ಬೆಳಗಾಗುವಷ್ಟರಲ್ಲಿ ಬಾಟಲಿಯ ಕೊಬ್ಬರಿ ಎಣ್ಣೆ ಬೆಳ್ಳಗೆ ಗಟ್ಟಿಯಾಗಿರುತ್ತದೆ. ಅದೇ ಹೊತ್ತಿಗೆ "ಎಂಜಿನ್ ನೀರು ಹೆಪ್ಪುಗಟ್ಟಿ ಬ್ಲಾಕ್ ಸೀಳುತ್ತದೆ, ರಾತ್ರಿಯೇ ಖಾಲಿ ಮಾಡಿ" ಎಂಬಂಥ ಸಲಹೆ ಮೊಬೈಲಿಗೆ ಬಂದರೆ ನಂಬದಿರುವುದು ಕಷ್ಟ. ಎಣ್ಣೆಯೇ ಗಟ್ಟಿಯಾದ ಮೇಲೆ ನೀರು ಬಿಟ್ಟೀತೇ?

ಚುಟುಕಾಗಿ ಹೇಳುವುದಾದರೆ: ಸಲಹೆ ಸುಳ್ಳಲ್ಲ, ಆದರೆ ನಮ್ಮ ಊರಿನದ್ದಲ್ಲ. ಹಿಮ ಬೀಳುವ ನಾಡಿನ ದೋಣಿ ಎಂಜಿನ್‌ಗೆ ಅದು ಸರಿ. ನಮ್ಮ ಟ್ರ್ಯಾಕ್ಟರ್, ಟಿಲ್ಲರ್, ಡೀಸೆಲ್ ಪಂಪ್‌ಗೆ ಅದರಿಂದ ಲಾಭವಿಲ್ಲ, ನಷ್ಟವಾಗಬಹುದು.

ಎಣ್ಣೆ ಗಟ್ಟಿಯಾದರೆ ನೀರೂ ಗಟ್ಟಿಯಾಗುತ್ತದೆಯೇ?

ಇಲ್ಲ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗತೊಡಗುತ್ತದೆ. ಶುದ್ಧ ನೀರು ಹೆಪ್ಪುಗಟ್ಟುವುದು 0 ಡಿಗ್ರಿಯಲ್ಲಿ. ಇದೇ ಪ್ರಸ್ಥಭೂಮಿಯ ಮೇಲಿರುವ ಬೆಂಗಳೂರಿನಲ್ಲಿ ಈವರೆಗೆ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಗಾಳಿ ಬೀಸಿದರೆ ನಮ್ಮ ಮೈಗೆ ಚಳಿ ಹೆಚ್ಚು ಅನಿಸುತ್ತದೆ, ಆದರೆ 10 ಡಿಗ್ರಿ ಗಾಳಿಯಲ್ಲಿ ನಿಂತ ಎಂಜಿನ್ ಆ ಗಾಳಿ ಬೀಸಿದ ಮಾತ್ರಕ್ಕೆ 0 ಡಿಗ್ರಿಗೆ ಇಳಿಯುವುದಿಲ್ಲ.

ಇನ್ನೊಂದು ವ್ಯತ್ಯಾಸವಿದೆ. ಗಟ್ಟಿಯಾದಾಗ ಕೊಬ್ಬರಿ ಎಣ್ಣೆ ಕುಗ್ಗುತ್ತದೆ, ಬಾಟಲಿ ಒಡೆಯುವುದಿಲ್ಲ. ನೀರು ಮಂಜುಗಡ್ಡೆಯಾಗುವಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಎಂಜಿನ್ ಒಳಗಿನ ಕಿರಿದಾದ ನೀರಿನ ದಾರಿಗಳಲ್ಲಿ ಹಾಗಾದರೆ ಎರಕದ ಕಬ್ಬಿಣವೂ ಬಿರುಕು ಬಿಡುತ್ತದೆ. ಸಲಹೆಯ ಹಿಂದಿರುವ ನಿಜ ಇದು.

ದೋಣಿಯವರಿಗೆ ಈ ಚಿಂತೆ ಏಕೆ?

ದೋಣಿಯ ಒಳಗೆ ಕೂರಿಸಿದ ಅನೇಕ ಎಂಜಿನ್‌ಗಳು ತಣ್ಣಗಿರಲು ಕೆರೆಯ ಅಥವಾ ಸಮುದ್ರದ ನೀರನ್ನೇ ಎಳೆದುಕೊಳ್ಳುತ್ತವೆ. ದೋಣಿ ನಿಲ್ಲಿಸಿದ ಮೇಲೂ ಒಂದಷ್ಟು ನೀರು ಒಳಗೇ ಉಳಿಯುತ್ತದೆ. ಚಳಿ ನಾಡಿನಲ್ಲಿ ಚಳಿಗಾಲಕ್ಕೆ ಮುಂಚೆ ಅದನ್ನು ಪೂರ್ತಿ ಬಸಿದು, ಹೆಪ್ಪುಗಟ್ಟದ ದ್ರವವನ್ನು ಒಳಗೆ ಹರಿಸುತ್ತಾರೆ. ದೋಣಿಯ ಹಿಂಬದಿಗೆ ತೂಗುಹಾಕುವ ಎಂಜಿನ್ ಆದರೆ ನೆಟ್ಟಗೆ ನಿಲ್ಲಿಸಿದರೆ ನೀರು ತಾನಾಗಿಯೇ ಇಳಿದುಹೋಗುತ್ತದೆ.

ಅಪಾಯ ಹೆಚ್ಚಿರುವುದು ಈ ರೂಢಿಯಿಲ್ಲದ ಬೆಚ್ಚಗಿನ ಊರುಗಳಲ್ಲಿ. 2021ರ ಫೆಬ್ರವರಿಯಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ದಿಢೀರ್ ಶೀತ ಅಲೆ ಎದ್ದು, ಡಲ್ಲಾಸ್‌ನಲ್ಲಿ ಉಷ್ಣಾಂಶ ಮೈನಸ್ 19 ಡಿಗ್ರಿಗೆ ಇಳಿಯಿತು. ಅಸಂಖ್ಯ ಮನೆಗಳ ನೀರಿನ ಪೈಪುಗಳು ಒಡೆದವು. ಅಲ್ಲಿರುವ ಕನ್ನಡದ ಕುಟುಂಬಗಳಿಗೆ ಇಂಥ ಸಲಹೆ ನಿಜಕ್ಕೂ ಬೇಕು. ಮಂಗಳೂರು, ಮಲ್ಪೆಯ ಮೀನುಗಾರಿಕಾ ದೋಣಿಗಳಿಗೆ ಬೇಡ.

ನಮ್ಮಲ್ಲಿ ಪಾಲಿಸಿದರೆ ಏನಾಗುತ್ತದೆ?

1. ನೀರು ಖಾಲಿ ಮಾಡುವುದು: ಬೆಳಗ್ಗೆ ತುಂಬಿಸಲು ಮರೆತು ಸ್ಟಾರ್ಟ್ ಮಾಡಿದರೆ ಕೆಲವೇ ನಿಮಿಷಗಳಲ್ಲಿ ಎಂಜಿನ್ ಅತಿಯಾಗಿ ಕಾದು ಪಿಸ್ಟನ್ ಕಚ್ಚಿಕೊಳ್ಳಬಹುದು. ಬಾರದ ಮಂಜುಗಡ್ಡೆಗೆ ಹೆದರಿ ಇರುವ ಎಂಜಿನ್ ಕಳೆದುಕೊಂಡಂತೆ.

2. ಉಪ್ಪು ಬೆರೆಸುವುದು: ಉಪ್ಪುನೀರು ಬೇಗ ಹೆಪ್ಪುಗಟ್ಟುವುದಿಲ್ಲ ಎನ್ನುವುದು ನಿಜ. ಆದರೆ ಅದು ಕಬ್ಬಿಣ, ಅಲ್ಯೂಮಿನಿಯಂ ಎರಡನ್ನೂ ತಿನ್ನುತ್ತದೆ.

3. ಸೀಮೆಎಣ್ಣೆ ಹಾಕುವುದು: ಅದು ನೀರಿನೊಂದಿಗೆ ಬೆರೆಯುವುದಿಲ್ಲ, ರಬ್ಬರ್ ಹೋಸ್ ಹಾಳುಮಾಡುತ್ತದೆ, ಬೆಂಕಿಯ ಅಪಾಯ ಬೇರೆ.

ಹಾಗಾದರೆ ಕೂಲಂಟ್ ಬೇಡವೇ?

ಬೇಕು, ಆದರೆ ಚಳಿಗಾಗಿ ಅಲ್ಲ. ರೇಡಿಯೇಟರ್ ಇರುವ ಕಾರು, ಟ್ರ್ಯಾಕ್ಟರ್‌ಗಳಲ್ಲಿ ಕೂಲಂಟ್ ತುಕ್ಕು ತಡೆಯುತ್ತದೆ, ಕುದಿಯುವ ಬಿಂದುವನ್ನು ಏರಿಸುತ್ತದೆ. ಬರೀ ಬೋರ್‌ವೆಲ್‌ನ ಗಡಸು ನೀರು ಹಾಕುತ್ತಾ ಬಂದರೆ ಒಳಗೆ ಸುಣ್ಣದ ಪದರ ಕಟ್ಟಿ ಎಂಜಿನ್ ಕಾಯುತ್ತದೆ. ಕಂಪನಿಯ ಕೈಪಿಡಿಯಲ್ಲಿ ಹೇಳಿದ ಕೂಲಂಟನ್ನು, ಹೇಳಿದ ಪ್ರಮಾಣದಲ್ಲಿ ಬಳಸಿ. ಎಂಜಿನ್ ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ. ನೀರು ಒಂದು ಕಡೆ ಬಂದು ಇನ್ನೊಂದು ಕಡೆ ಹರಿದುಹೋಗುವ ಪಂಪ್ ಎಂಜಿನ್‌ಗೆ ಕೂಲಂಟ್ ಹಾಕಲು ಬರುವುದಿಲ್ಲ, ಅಗತ್ಯವೂ ಇಲ್ಲ.

ಎಚ್ಚರಿಕೆ: ಸಿಹಿಯಾದ ವಿಷ

ಸಾಮಾನ್ಯ ಕೂಲಂಟ್‌ಗಳಲ್ಲಿ ಇರುವುದು ಎಥಿಲೀನ್ ಗ್ಲೈಕಾಲ್. ರುಚಿ ಸಿಹಿ, ಆದರೆ ವಿಷ. ನಾಯಿ, ದನಕರು, ಮಕ್ಕಳು ಇದನ್ನು ಕುಡಿಯುವ ಅಪಾಯವಿದೆ. ಮೊದಲು ಮತ್ತು ಬಂದಂತೆ ಕಂಡು, ನಂತರ ಮೂತ್ರಪಿಂಡ ಕೆಡುತ್ತದೆ. ಬಸಿದ ಕೂಲಂಟನ್ನು ತೋಟದಲ್ಲಿ, ಬಚ್ಚಲಲ್ಲಿ ಚೆಲ್ಲಬೇಡಿ, ತಂಪು ಪಾನೀಯದ ಬಾಟಲಿಯಲ್ಲಿ ಇಡಬೇಡಿ. ಯಾರಾದರೂ ಕುಡಿದರೆ ಮನೆಮದ್ದು ಮಾಡುತ್ತಾ ಕೂರದೆ, ವಾಂತಿ ಮಾಡಿಸದೆ, ಡಬ್ಬಿಯ ಸಮೇತ ಕೂಡಲೇ ಆಸ್ಪತ್ರೆಗೆ ಹೋಗಿ.

ಚಳಿಗೆ ಎಂಜಿನ್ ಸ್ಟಾರ್ಟ್ ಆಗದಿದ್ದರೆ?

ಅದು ಮಂಜುಗಡ್ಡೆಯ ಕೆಲಸವಲ್ಲ. ತಂಪಿಗೆ ಎಂಜಿನ್ ಆಯಿಲ್ ಮಂದವಾಗುತ್ತದೆ, ಬ್ಯಾಟರಿಯ ಕಸುವು ಕುಗ್ಗುತ್ತದೆ, ಡೀಸೆಲ್ ಹೊತ್ತಿಕೊಳ್ಳಲು ಬೇಕಾದ ಬಿಸಿ ಸಿಲಿಂಡರ್‌ನಲ್ಲಿ ತಡವಾಗಿ ಹುಟ್ಟುತ್ತದೆ. ಬ್ಯಾಟರಿ ತುದಿಗಳನ್ನು ಶುಚಿಮಾಡಿ, ಸರಿಯಾದ ದರ್ಜೆಯ ಆಯಿಲ್ ಹಾಕಿ. ಎಂಜಿನ್ ಕೆಳಗೆ ಬೆಂಕಿ ಹಚ್ಚಬೇಡಿ. ಮುಚ್ಚಿದ ಶೆಡ್‌ನಲ್ಲಿ ಎಂಜಿನ್ ಓಡಿಸಬೇಡಿ, ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಪ್ರಾಣ ತೆಗೆಯುತ್ತದೆ.

ಫಾರ್ವರ್ಡ್ ಮಾಡುವ ಮುನ್ನ

ಚಳಿಯ ಸಲಹೆ ಬಂದಾಗ ಎರಡು ಪ್ರಶ್ನೆ ಕೇಳಿ: ಇದು ಯಾವ ಊರಿಗೆ ಹೇಳಿದ್ದು? ಅಲ್ಲಿ ಎಷ್ಟು ಡಿಗ್ರಿ? ಉತ್ತರ 0 ಡಿಗ್ರಿಗಿಂತ ಕೆಳಗಿಲ್ಲದಿದ್ದರೆ ಎಂಜಿನ್‌ನಲ್ಲಿ ನೀರು ಹಾಗೇ ಇರಲಿ. ಎಣ್ಣೆ ಬಾಟಲಿಯನ್ನು ಸ್ವಲ್ಪ ಹೊತ್ತು ಬಿಸಿಲಿಗೆ ಇಡಿ, ಅಷ್ಟು ಸಾಕು.